ಅಕ್ಕನಿಗೆ ಮಾತ್ರ ಬರುತ್ತಿದ್ದ ವಾಸನೆ

ಅಕ್ಕನ ಮುಖದಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಮೂಗು. ಉದ್ದನೆಯ, ತುದಿಯಲ್ಲಿ ಸ್ವಲ್ಪ ಬಾಗಿದ ಮೂಗು, ಅದರ ಎಡಗಡೆ ಏಳು ಕಲ್ಲಿನ ಮೂಗುಬೊಟ್ಟು. ಜನವರಿಯ ಗಾಳಿಗೆ ಮೂಗೆಲ್ಲ ಕೆಂಪಾದರೂ ಮೂಗುಬೊಟ್ಟಿನ ಸುತ್ತ ಮಾತ್ರ ಬಿಳಿಚಿಕೊಂಡಿರುತ್ತಿತ್ತು. ಅಷ್ಟು ದೊಡ್ಡ ಮೂಗು ಇದ್ದೂ ಅವರಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಕೊರೋನಾ ಜ್ವರ ಬಂದು ಹೋದಾಗ ಅದನ್ನೂ ಜೊತೆಗೆ ಕೊಂಡೊಯ್ದಿತ್ತು. ಬೇರೆಯವರಿಗೆ ತಿಂಗಳೊಪ್ಪತ್ತಿನಲ್ಲಿ ಮರಳಿ ಬಂದದ್ದು ಅಕ್ಕನಿಗೆ ವರ್ಷಗಳಾದರೂ ಬರಲಿಲ್ಲ.

ಊರು ಬಿಟ್ಟು ಬಂದ ಈ ಚಳಿಯ ದೇಶದಲ್ಲಿ, ವಿಮಾನ ನಿಲ್ದಾಣದ ಬದಿಯ ಮಾಲ್ಟನ್ನಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ಅವರು ಉಡುಪಿ ಕಡೆಯವರು, ಮನೆಯಲ್ಲಿ ಗಂಡ ಹೆಂಡತಿ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಮೈಸೂರಿನವಳು, ನನ್ನ ಜೊತೆ ಕನ್ನಡ. ಅವರ ಯಜಮಾನರನ್ನು ನಾನು ಭಾವ ಎನ್ನುತ್ತಿದ್ದೆ. ನಾನು ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಹಲ್ಲು ಶುಚಿ ಮಾಡುವ ಕೆಲಸದವಳು, ದಿನವಿಡೀ ಬೇರೆಯವರ ಬಾಯಿಯ ಮುಂದೆ ಕೂರುವವಳು. ಅಕ್ಕನಿಗೆ ಅದೊಂದು ಅನುಕೂಲವಾಗಿ ಕಂಡಿತ್ತು. ಹಾಲು ಒಡೆದಿದೆಯೇ, ಕೊಬ್ಬರಿ ಎಣ್ಣೆ ಕಮಟಿದೆಯೇ, ಒಗ್ಗರಣೆ ಸೀದಿದೆಯೇ, ಎಲ್ಲಕ್ಕೂ ಬೇಲಿಯಾಚೆಯಿಂದ ಕರೆಯುತ್ತಿದ್ದರು. "ಒಮ್ಮೆ ಬಂದು ಮೂಸಿ ನೋಡು ಮಾರಾಯ್ತಿ." ನಾನು ಮೂಸುವಾಗ ಅವರೂ ಪಕ್ಕದಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದರು, ಈ ಸಲವಾದರೂ ಏನಾದರೂ ಬಂದೀತೇನೋ ಎಂದು.

ನಮ್ಮ ತಲೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಇಳಿಯುತ್ತವೆ ಎಂದರೆ ಚಕ್ರ ಕಾಣಿಸುತ್ತದೆ. ಒಂದು ಹಾದುಹೋಗುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಾವೆಲ್ಲ ಆಗ ಬಾಯಿ ಮುಚ್ಚಿಕೊಳ್ಳುತ್ತೇವೆ. ಅಕ್ಕ ಮುಚ್ಚುತ್ತಿರಲಿಲ್ಲ. ಆಡುತ್ತಿದ್ದ ಶಬ್ದದ ನಡುವೆಯೇ ಬಾಯಿ ತೆರೆದುಕೊಂಡು ಬೊಂಬೆಯ ಹಾಗೆ ನಿಂತು, ವಿಮಾನ ಹೋದಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ನನ್ನ ಮಗಳು ಚಿಕ್ಕವಳಿದ್ದಾಗ ಅದನ್ನು ನೋಡಿ ಹೆದರಿ ನನ್ನ ಹಿಂದೆ ಅಡಗುತ್ತಿದ್ದಳು.

ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಕಂಪನಿಯಲ್ಲಿ ಅಕ್ಕ ಅಕೌಂಟ್ಸ್ ನೋಡಿಕೊಂಡು ನಿವೃತ್ತರಾದವರು. ಕೂಡುವುದು ಕಳೆಯುವುದು ಅವರಿಗೆ ಊಟ ನಿದ್ದೆಯಷ್ಟೇ ಸಹಜ. ನಮ್ಮ ಮನೆಗಳ ಹಿಂದೆಯೇ ಇರುವ ಶಾಲೆಯಲ್ಲಿ ಮಕ್ಕಳಿಗೆ ಬೆಳಗಿನ ತಿಂಡಿ ಕೊಡುವ ಒಂದು ಸಮಿತಿ ಇತ್ತು. ಅದರ ಖಜಾಂಚಿ ಅಕ್ಕ. ವಾರದಲ್ಲಿ ಎರಡು ದಿನ ಕ್ಲಿನಿಕ್ಕಿಗೆ ಹೋಗುವ ಮುಂಚೆ ನಾನೂ ಹೋಗಿ ಬಡಿಸುತ್ತಿದ್ದೆ. ಶಾಲೆಯ ಜಿಮ್ಮಿನಲ್ಲಿ, ಅಂದರೆ ಒಳಾಂಗಣ ಆಟದ ಹಜಾರದಲ್ಲಿ, ಉದ್ದದ ಮೇಜುಗಳನ್ನು ಹಾಕಿ ಮೊಟ್ಟೆ, ಪ್ಯಾನ್‌ಕೇಕು, ಓಟ್ಸ್ ಗಂಜಿ ಕೊಡುತ್ತಿದ್ದೆವು. ಮೊದಲೆಲ್ಲ ಯಾವ ಮಗು ಬಂದರೂ ತಟ್ಟೆ ಕೊಡುವುದೇ. ಆಮೇಲೆ ಸಾಮಾನಿನ ಬೆಲೆ ಏರಿತು, ಬರುವ ದೇಣಿಗೆ ಕ್ರಿಸ್‌ಮಸ್ಸಿನವರೆಗೂ ಸಾಲದ ಹಾಗಾಯಿತು. ತಿಂಡಿಯನ್ನೇ ನಿಲ್ಲಿಸಿಬಿಡೋಣ ಎಂದು ಸಮಿತಿಯಲ್ಲಿ ಮಾತು ಬಂದಾಗ, ಎಲ್ಲರದ್ದೂ ನಿಲ್ಲಿಸುವ ಬದಲು ಬೇಕಾದವರಿಗೆ ಮಾತ್ರ ಕೊಡೋಣ ಎಂದು ಹೇಳಿದವರು ಅಕ್ಕ. ಹಾಗೆ ನೋಡಿದರೆ ತಿಂಡಿಯನ್ನು ಉಳಿಸಿದವರೇ ಅವರು.

ಬೇಕಾದವರು ಯಾರು ಎಂದು ತೀರ್ಮಾನಿಸುವ ನಿಯಮವನ್ನೂ ಅವರೇ ಬರೆದರು. ಹೋದ ವರ್ಷದ ತೆರಿಗೆ ಕಾಗದ ತರಬೇಕು. ಮನೆಯ ಆದಾಯ ಇಷ್ಟರ ಕೆಳಗಿದ್ದರೆ ಮಗುವಿನ ಹೆಸರು ಪಟ್ಟಿಯಲ್ಲಿ, ಮೇಲಿದ್ದರೆ ಇಲ್ಲ. ಯಾರಿಗೂ ವಿನಾಯಿತಿ ಇಲ್ಲ. ಸ್ವಂತ ಜಾತಿಯವರೊಬ್ಬರು ಬಂದು ಗೆರೆಗಿಂತ ಸ್ವಲ್ಪವೇ ಮೇಲಿದ್ದೇವೆ ಎಂದು ಬೇಡಿಕೊಂಡರೂ ಅಕ್ಕ ಒಪ್ಪಲಿಲ್ಲ. ಅದನ್ನು ಕೇಳಿದ ಭಾವ, ಎರಡು ಬೀದಿ ಆಚೆಯ ಗುರುದ್ವಾರದಲ್ಲಿ ಯಾರನ್ನೂ ಏನೂ ಕೇಳದೆ ಊಟ ಹಾಕುತ್ತಾರಲ್ಲ ಎಂದು ಮೆಲ್ಲಗೆ ಹೇಳಿದ್ದರು.

"ಅದು ಧರ್ಮ, ಇದು ಲೆಕ್ಕ," ಎಂದರು ಅಕ್ಕ. "ಲೆಕ್ಕಕ್ಕೆ ಮುಖ ಇರುದಿಲ್ಲ."

ಪ್ರತಿ ಬೆಳಿಗ್ಗೆ ಜಿಮ್ಮಿನ ಬಾಗಿಲಲ್ಲಿ ಪಟ್ಟಿ ಹಿಡಿದು ಅವರೇ ಕೂರುತ್ತಿದ್ದರು. ಹೆಸರು ಇಲ್ಲದ ಮಕ್ಕಳಿಗೆ ನಗುತ್ತಲೇ 'ಸಾರಿ' ಎಂದು ಕಳಿಸುತ್ತಿದ್ದರು. ಮಕ್ಕಳು ಜಗಳ ಮಾಡುವುದಿಲ್ಲ, ಸುಮ್ಮನೆ ತಿರುಗಿ ಹೋಗುತ್ತಾರೆ. ಹಾಗೆ ಹೋದವರು ಮತ್ತೆ ಆ ಬಾಗಿಲಿಗೆ ಬರುತ್ತಲೂ ಇರಲಿಲ್ಲ.

ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರ ಅದು. ನಾನು ಮೊಟ್ಟೆ ಬಡಿಸುತ್ತಿದ್ದೆ. ಬಾಗಿಲ ಬಳಿ ಕೂತಿದ್ದ ಅಕ್ಕ ಎದ್ದು ಬಂದು ನನ್ನ ಮುಂಗೈ ಹಿಡಿದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಕೈಯಲ್ಲಿದ್ದ ಸೌಟು ಬಿದ್ದುಹೋಯಿತು.

"ನಿಂಗೆ ಬಂತಾ?"

"ಏನಕ್ಕ?"

"ವಾಸನೆ. ಹಲಸಿನ ಹಣ್ಣು ಒಂದು ದಿನ ಹೆಚ್ಚಾದ ಹಾಗೆ."

ನಾನು ಉಸಿರೆಳೆದು ನೋಡಿದೆ. ನೆಲ ಒರೆಸುವ ಫಿನಾಯಿಲು, ಬೆಣ್ಣೆ, ಒದ್ದೆ ಬೂಟು, ಅಷ್ಟೇ. ಹಲಸಿನ ಹಣ್ಣು ಅಲ್ಲಿ ಎಲ್ಲಿಂದ ಬರಬೇಕು? ಆದರೆ ಅವರ ಮುಖ ಅರಳಿತ್ತು. ವರ್ಷಗಳ ಮೇಲೆ ಏನೋ ಒಂದು ವಾಸನೆ ಬಂದಿತ್ತು ಅವರಿಗೆ. ಅಂದು ಸಂಜೆ ನಾವಿಬ್ಬರೂ ಅವರ ಅಡುಗೆಮನೆಯಲ್ಲಿ ಕೂತು ಕಾಫಿಪುಡಿ, ಇಂಗು, ಕರ್ಪೂರ, ಕೊನೆಗೆ ಭಾವನ ನೋವಿನ ಮುಲಾಮಿನವರೆಗೆ ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದೆವು. ಯಾವುದೂ ಬರಲಿಲ್ಲ. ಮೂಗು ಮತ್ತೆ ಕಲ್ಲಾಗಿತ್ತು.

ಮಾರನೆಯ ಬೆಳಿಗ್ಗೆ ಶಾಲೆಯಲ್ಲಿ ಅದೇ ವಾಸನೆ ಮತ್ತೆ ಬಂತು. ಅದರ ಮಾರನೆಯ ದಿನವೂ. ಮನೆಗೆ ಬಂದರೆ ಇಲ್ಲ, ಜಿಮ್ಮಿನ ಬಾಗಿಲಿಗೆ ಹೋದರೆ ಉಂಟು. ಆ ವಾರದ ಕೊನೆಯಲ್ಲಿ ಅವರು ನಮ್ಮ ಮನೆಗೆ ಬಂದು ಕೋಟು ತೆಗೆಯದೆ ಕುರ್ಚಿಯಲ್ಲಿ ಕೂತರು. ಯಾವ ವಾಸನೆ ಎಂದು ಗೊತ್ತಾಯಿತು ಎಂದರು.

ಅವರು ಹೇಳಿದ್ದು ಇಷ್ಟು. ಅವರ ಅಪ್ಪ ಬೊಂಬಾಯಿಗೆ ಹೋಟೆಲು ಕೆಲಸಕ್ಕೆಂದು ಹೋದವರು ಬಹಳ ಕಾಲ ಏನೂ ಕಳಿಸಲಿಲ್ಲ. ಮನೆಯಲ್ಲಿ ಗಂಜಿ ಇದ್ದಷ್ಟನ್ನು ಅಮ್ಮ ಮಕ್ಕಳಿಗೆ ಹಾಕಿ, ನಾನು ಆಗಲೇ ಉಂಡೆ ಎನ್ನುತ್ತಿದ್ದಳು. ಆಮೇಲೆ ಚಾಪೆಯ ಮೇಲೆ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ಕಥೆ ಹೇಳುತ್ತಿದ್ದಳು. ಕಥೆಯ ಜೊತೆಗೆ ಅವಳ ಬಾಯಿಂದ ಬರುತ್ತಿದ್ದ ವಾಸನೆ ಅದು. ಸಿಹಿಯಾಗಿ, ಹುಳಿಯಾಗಿ, ಹಣ್ಣು ಕಳಿತ ಹಾಗೆ. ಅಮ್ಮನ ಬಾಯಿಯ ವಾಸನೆಯೇ ಹಾಗೆ ಎಂದು ಮಕ್ಕಳು ತಿಳಿದಿದ್ದರು. ಅಕ್ಕನಿಗೆ ಎಂಟೋ ಒಂಬತ್ತೋ ವಯಸ್ಸಿದ್ದಾಗ ಆ ಅಮ್ಮ ಒಂದು ಸಣ್ಣ ಜ್ವರಕ್ಕೆ ಹೋಗಿಬಿಟ್ಟಳು.

ಆ ವಾಸನೆ ನನಗೂ ಗೊತ್ತು. ಬಹಳ ಹೊತ್ತು ಹೊಟ್ಟೆಗೆ ಏನೂ ಬೀಳದಿದ್ದರೆ ಬಾಯಿ ಹಾಗೆ ನಾರುತ್ತದೆ ಎಂದು ನಮಗೆ ತರಬೇತಿಯಲ್ಲಿಯೇ ಹೇಳಿಕೊಡುತ್ತಾರೆ. ಆದರೆ ಅದನ್ನು ತಿಳಿಯಲು ನಾನು ಬಾಯಿಗೆ ಮೂಗು ತಾಗುವಷ್ಟು ಹತ್ತಿರ ಕೂರಬೇಕು. ಈಕೆಗೆ ಇಡೀ ಜಿಮ್ಮಿನ ಆಚೆಯಿಂದ ಬರುತ್ತಿತ್ತು, ಬೇರೇನೂ ಬಾರದ ಮೂಗಿಗೆ.

ಡಾಕ್ಟರರನ್ನು ಕಂಡು ಬಂದರು. ಜ್ವರದಲ್ಲಿ ಕೆಟ್ಟ ನರ ಮತ್ತೆ ಚಿಗುರುವಾಗ ಇಲ್ಲದ ವಾಸನೆಯನ್ನು ಇದೆ ಎನ್ನುತ್ತದಂತೆ, ಹೆದರಬೇಕಾಗಿಲ್ಲವಂತೆ. "ಮೂಗು ಸುಳ್ಳು ಹೇಳ್ತದಂತೆ," ಎಂದು ಅಕ್ಕ ನಗುತ್ತಾ ನನಗೆ ತಿಳಿಸಿದರು. ಆದರೆ ಅಂದಿನಿಂದ ಜಿಮ್ಮಿನಲ್ಲಿ ಅವರು ಬಾಗಿಲಲ್ಲಿ ಕೂರಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ತಿನ್ನುತ್ತಿರುವ ಮಕ್ಕಳ ಮುಖದ ಹತ್ತಿರ ಬಗ್ಗಿ ಉಸಿರೆಳೆಯುತ್ತಿದ್ದರು. ಯಾವ ಮಗುವಿನಲ್ಲೂ ಆ ವಾಸನೆ ಇರಲಿಲ್ಲ. ಇವರೆಲ್ಲ ಉಂಡವರು, ಇಲ್ಲಿಂದ ಅಲ್ಲ, ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ವೇದಿಕೆಯ ಹಿಂದಿನ ಉಗ್ರಾಣದ ಬಾಗಿಲಿಗೆ ಮೂಗು ಹಚ್ಚಿ ನಿಂತರು. ಅದನ್ನು ತೆರೆಸಿದರು. ಒಳಗೆ ಮಡಿಸಿದ ಕುರ್ಚಿಗಳು, ಹಳೆಯ ಚೆಂಡುಗಳು. ಮಕ್ಕಳಲ್ಲಿ ಆಂಟಿಗೆ ದೆವ್ವ ಮೆಟ್ಟಿದೆ ಎಂದು ಸುದ್ದಿಯಾಯಿತು. ನನ್ನ ಮಗಳು ಕೂಡ ಮನೆಗೆ ಬಂದು, "ಅಮ್ಮಾ, ಶೀ ಸ್ಮೆಲ್ಸ್ ಕಿಡ್ಸ್. ಇಟ್ಸ್ ಕ್ರೀಪಿ," ಎಂದಳು.

ಯಾರೋ ತಾಯಿ ದೂರು ಕೊಟ್ಟರು. ಪ್ರಿನ್ಸಿಪಾಲರು ಅಕ್ಕನನ್ನು ಕರೆಸಿ, ಬಹಳ ಮರ್ಯಾದೆಯಿಂದಲೇ, ಸ್ವಲ್ಪ ದಿನ ಮನೆಯಿಂದ ಲೆಕ್ಕ ಮಾತ್ರ ನೋಡಿಕೊಳ್ಳಿ ಎಂದರು. ಅಕ್ಕ ಎದ್ದು ಬಂದರು. ಭಾವನಿಗೆ ಸಮಾಧಾನವೇ ಆಯಿತು. ಶಾಲೆಗೆ ಹೋಗದಿದ್ದರೆ ವಾಸನೆಯೂ ಬರುವುದಿಲ್ಲ, ಹುಷಾರಾಗುತ್ತಾಳೆ ಎಂದು ನನ್ನ ಹತ್ತಿರ ಹೇಳಿಕೊಂಡರು.

ವಾಸನೆ ಮನೆಗೇ ಬಂತು. ನಮ್ಮ ಹಿತ್ತಿಲ ಬೇಲಿಯ ಆಚೆಗೇ ಶಾಲೆಯ ಮೈದಾನ. ದಿನವೂ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಅಕ್ಕ ಹಿಂಬಾಗಿಲು ತೆರೆದು ಹಿಮದಲ್ಲಿ ಬೇಲಿ ಹಿಡಿದು ನಿಲ್ಲತೊಡಗಿದರು. ನಮ್ಮ ಅಡುಗೆಮನೆಯ ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಗಂಟೆ ಹೊಡೆದ ಮೇಲೆ ಒಳಗೆ ಹೋಗುತ್ತಿದ್ದರು. ನಾನು ಕೇಳಿದರೆ, ಗಂಟೆ ಹೊಡೆದಮೇಲೆ ಅದು ಒಳಗೆ ಹೋಗುತ್ತದೆ, ಇಲ್ಲಿಗೆ ಬರುವುದಿಲ್ಲ, ಎಂದರು. ಅದು ಎಂದರೆ ಯಾವುದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ. ಹೊರಗೆ ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹೆಪ್ಪುಗಟ್ಟುವ ಚಳಿ. ಮಗಳನ್ನು ಶಾಲೆಗೆ ಬಿಟ್ಟು ನಾನು ಹಿತ್ತಿಲ ದಾರಿಯಾಗಿ ಕಾರಿನ ಕಡೆ ಬರುತ್ತಿದ್ದೆ. ಗಂಟೆ ಆಗಲೇ ಹೊಡೆದಿತ್ತು, ಮೈದಾನ ಖಾಲಿ. ಅಕ್ಕ ಇನ್ನೂ ಬೇಲಿಯ ಹತ್ತಿರವೇ ಇದ್ದರು. ತಲೆಗೆ ಟೋಪಿ ಇಲ್ಲ, ಕಾಲಲ್ಲಿ ಭಾವನ ಬೂಟು. ನಾನು ಓಡಿಹೋಗಿ ಒಳಗೆ ನಡೆಯಿರಿ ಎಂದೆ. ಅವರ ಕಣ್ಣು ಮೈದಾನದ ಮೇಲೆಯೇ ಇತ್ತು.

"ಇವತ್ತು ಒಳಗೆ ಹೋಗ್ಲಿಲ್ಲ ಅದು," ಎಂದರು. "ಕಡಿಮೆ ಆಗ್ತಾ ಉಂಟು."

"ಕಡಿಮೆ ಆಗ್ತಿದ್ರೆ ಒಳ್ಳೇದೇ ಅಲ್ವಾಕ್ಕ?"

"ಅಲ್ಲ. ಅಮ್ಮಂದು ಕೂಡ ಕಡೆಗೆ ಹೀಗೇ ಕಡಿಮೆ ಆದದ್ದು."

ಅಷ್ಟರಲ್ಲಿ ವಿಮಾನವೊಂದು ತಲೆಯ ಮೇಲೆ ಬಂತು. ಅದರ ನೆರಳು ಹಿಮದ ಮೇಲೆ ನಮ್ಮಿಬ್ಬರನ್ನೂ ದಾಟಿ ಹೋಯಿತು. ಸದ್ದು ಅಡಗುವಷ್ಟರಲ್ಲಿ ಅಕ್ಕ ಬೇಲಿಯ ಸಣ್ಣ ಗೇಟು ತಳ್ಳಿ ಮೈದಾನಕ್ಕೆ ನಡೆದಿದ್ದರು. ನಾನು ಹಿಂದೆ ಓಡಿದೆ. ಮೊಣಕಾಲುದ್ದದ ಹಿಮ. ಅವರು ಮುಖವನ್ನು ಮುಂದೆ ಚಾಚಿ, ಯಾರೋ ಮೂಗುಬೊಟ್ಟಿಗೆ ದಾರ ಕಟ್ಟಿ ಎಳೆಯುತ್ತಿರುವ ಹಾಗೆ ಹೋಗುತ್ತಿದ್ದರು. ಶಾಲೆಯಲ್ಲಿ ಜಾಗ ಸಾಲದಾಗ ಮೈದಾನದಲ್ಲಿ ತಂದಿಟ್ಟಿದ್ದ ಮರದ ತರಗತಿ ಕೋಣೆಗಳು ಅಲ್ಲಿದ್ದವು. ಕೊನೆಯದಕ್ಕೆ ಬೀಗ ಹಾಕಿ ವರ್ಷವಾಗಿತ್ತು. ಅದರ ಬಾಗಿಲಿಗೆ ಹೋಗುವ ಇಳಿಜಾರು ಹಲಗೆಯ ಮುಂದೆ ಅಕ್ಕ ನಿಂತರು. ನಿಂತು, "ಹೋಯ್ತು, ಈಗ ಇಲ್ಲ," ಎಂದರು.

ನಾನು ಮಂಡಿಯೂರಿ ಹಲಗೆಯ ಕೆಳಗೆ ನೋಡಿದೆ. ಬ್ಯಾಗನ್ನು ಎದೆಗವಚಿಕೊಂಡು ಒಂದು ಹುಡುಗಿ ಮುದುಡಿ ಮಲಗಿದ್ದಳು. ಏಳೆಂಟು ವರ್ಷದ ಮಗು. ತುಟಿ ನೀಲಿಯಾಗಿತ್ತು. ಕರೆದರೆ ಏಳಲಿಲ್ಲ.

ಇಬ್ಬರೂ ಸೇರಿ ಅವಳನ್ನು ಎಳೆದು ತೆಗೆದೆವು. ಅಕ್ಕ ಅವಳನ್ನು ತಮ್ಮ ಸ್ವೆಟರಿನ ಒಳಗೇ ಸೇರಿಸಿಕೊಂಡು ಅಪ್ಪಿ ಹಿಡಿದರು. ನಾನು ಕೂಗುತ್ತಾ ಶಾಲೆಯ ಕಡೆ ಓಡಿದೆ. ಆಫೀಸಿನ ಕೋಣೆಯಲ್ಲಿ ಕಂಬಳಿ ಹೊದಿಸಿ ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಮಗು ಕಣ್ಣು ಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಬೆಚ್ಚಗಿನ ಹಾಲಿನ ಲೋಟವನ್ನು ಅದರ ಬಾಯಿಯ ಹತ್ತಿರ ಹಿಡಿದರು. ಮಗು ಲೋಟವನ್ನು ನೋಡಿತು, ಅಕ್ಕನ ಮುಖವನ್ನು ನೋಡಿತು. ಗುರುತು ಹಿಡಿದು ಹೇಳಿತು:

"ಬಟ್ ಐ ಆ್ಯಮ್ ನಾಟ್ ಆನ್ ದ ಲಿಸ್ಟ್."

ಅಕ್ಕನ ಮುಖದಲ್ಲಿ ಆಗ ಏನಾಯಿತು ಎಂಬುದನ್ನು ಬರೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಅವರಿಗೆ ಆ ಮಗುವಿನ ಗುರುತು ಇರಲಿಲ್ಲ.

ಉಳಿದದ್ದು ಆಮೇಲೆ ತಿಳಿಯಿತು. ಹುಡುಗಿಯ ಅಪ್ಪ ಟ್ರಕ್ಕು ಓಡಿಸುತ್ತಿದ್ದ. ಹಿಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ದುಡಿದಿದ್ದರು, ತೆರಿಗೆ ಕಾಗದ ಅದನ್ನೇ ಹೇಳಿತ್ತು. ಆ ಚಳಿಗಾಲದ ಮುಂಚೆ ಅಪ್ಪ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ, ಟ್ರಕ್ಕು ಕೈಬಿಟ್ಟಿತ್ತು. ಅದು ಯಾವ ಕಾಗದದಲ್ಲೂ ಇರಲಿಲ್ಲ. ತಾಯಿ ಏರ್‌ಪೋರ್ಟಿನ ಬೆಳಗಿನ ಶಿಫ್ಟಿಗೆ ಹೋಗುವ ದಾರಿಯಲ್ಲಿ ಮಗುವನ್ನು ಬೇಗನೆ ಶಾಲೆಗೆ ಬಿಟ್ಟು, ಅಲ್ಲಿ ತಿಂಡಿ ತಿನ್ನುತ್ತಾಳೆ ಎಂದು ನಂಬಿದ್ದಳು. ತನ್ನ ಹೆಸರಿಲ್ಲ ಎಂದು ಮಗು ಮನೆಯಲ್ಲಿ ಹೇಳಿರಲಿಲ್ಲ. ಪಟ್ಟಿಯಲ್ಲಿಲ್ಲದ ಮಕ್ಕಳು ಬೇಗ ಬಂದರೆ ಜಿಮ್ಮಿನ ಹೊರಗಿನ ಪಡಸಾಲೆಯಲ್ಲಿ ಕೂರಬೇಕು, ಒಳಗೆ ಉಳಿದವರೆಲ್ಲ ತಿನ್ನುತ್ತಿರುತ್ತಾರೆ. ಅದನ್ನು ನೋಡುತ್ತಾ ಕೂರಲಾರದೆ ದಿನವೂ ಆ ಹಲಗೆಯ ಕೆಳಗೆ ಗಂಟೆಯವರೆಗೆ ಕಾಯುತ್ತಿದ್ದಳು. ಅಂದು ಚಳಿಗೆ ನಿದ್ದೆ ಹತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಗು ಉಳಿಯಿತು, ವಾರದಲ್ಲಿ ಶಾಲೆಗೂ ಬಂತು.

ಸಮಿತಿ ಮತ್ತೆ ಸೇರಿದಾಗ ಅಕ್ಕ ತಾವು ಬರೆದ ನಿಯಮವನ್ನು ತಾವೇ ತೆಗೆದುಹಾಕಬೇಕೆಂದು ಕೇಳಿದರು. ಹಸಿವಿಲ್ಲದವರೂ ಬಂದು ತಿಂದರೆ ಏನು ಮಾಡುವುದು ಎಂದು ಒಬ್ಬರು ಪ್ರಶ್ನೆ ಹಾಕಿದರು. ಹಸಿವಿಲ್ಲದವನು ತಿಂದರೆ ನಮಗೆ ಹೋಗುವುದು ಒಂದು ಮೊಟ್ಟೆ, ಎಂದರು ಅಕ್ಕ. ಅಷ್ಟು ಹೇಳಿ ಕೂತುಬಿಟ್ಟರು. ಇನ್ನೊಂದು ಕಡೆಯ ಲೆಕ್ಕವನ್ನು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮರುದಿನದಿಂದ ಆಕೆ ಬೇಡಲು ಹೊರಟರು. ಯಾರ ಮುಂದೂ ಕೈಚಾಚದ ಹೆಂಗಸು ಗುರುದ್ವಾರದ ಅಡುಗೆಮನೆಗೆ, ಜೆರಾರ್ಡ್ ಬೀದಿಯ ನಮ್ಮ ದೇಶದವರ ಅಂಗಡಿಗಳಿಗೆ, ಮದುವೆ ಅಡುಗೆಯವರ ಹತ್ತಿರಕ್ಕೆ ಹೋಗಿ ಹಿಟ್ಟು, ಹಾಲು, ಹಣ್ಣು ಕೇಳಿದರು. ಪಂಜಾಬಿ ಅಜ್ಜಿಯರ ಜೊತೆ ಹರುಕು ಹಿಂದಿಯಲ್ಲಿ ಮಾತಾಡಿ ರೊಟ್ಟಿ ಲಟ್ಟಿಸಲು ಕೂತರು. ಜಿಮ್ಮಿನ ಬಾಗಿಲು ಮತ್ತೆ ಎಲ್ಲರಿಗೂ ತೆರೆಯಿತು. ಹಲಗೆಯ ಕೆಳಗೆ ಆ ಮಗುವನ್ನು ಕಂಡ ದಿನದಿಂದ ವಾಸನೆ ಮತ್ತೆ ಬರಲಿಲ್ಲವೆಂದು ಅಕ್ಕ ಹೇಳಿದರು. ಹಾಲು ಮೂಸಲು ಮೊದಲಿನ ಹಾಗೆಯೇ ನನ್ನನ್ನು ಕರೆಯುತ್ತಿದ್ದರು.

ಆ ವಾಸನೆ ಆಮೇಲೆ ಒಂದೇ ಒಂದು ಸಲ ಬಂದಿರಬೇಕು. ಅದಾಗಿ ಒಂದೆರಡು ವರ್ಷಕ್ಕೆ ನನ್ನ ಗಂಡನ ಕೆಲಸ ಹೋಯಿತು, ಕ್ಲಿನಿಕ್ಕಿನಲ್ಲಿ ನನ್ನ ದಿನಗಳನ್ನೂ ಕಡಿತ ಮಾಡಿದರು. ನಾವು ಯಾರಿಗೂ ಹೇಳಲಿಲ್ಲ. ಮಗಳು ಬೆಳಿಗ್ಗೆ ಶಾಲೆಯಲ್ಲಿ ತಿನ್ನುತ್ತಿದ್ದಳು. ಹೋದ ವರ್ಷದ ಕಾಗದದ ಪ್ರಕಾರ ನಾವು ಅನುಕೂಲಸ್ಥರೇ. ಒಂದು ಮಧ್ಯಾಹ್ನ ಅಕ್ಕ ಹಾಲಿನ ಪಾತ್ರೆ ಹಿಡಿದು ಬಂದರು. ನಾನು ಬಗ್ಗಿ ಮೂಸಿ, ಚೆನ್ನಾಗಿದೆ ಅಕ್ಕ, ಎಂದೆ. ಅವರ ಮುಖ ನನ್ನ ಮುಖದ ಹತ್ತಿರವೇ ಇತ್ತು. ಅವರು ಅಲುಗಾಡಲಿಲ್ಲ. ಆಕಾಶದಲ್ಲಿ ಯಾವ ವಿಮಾನವೂ ಇರಲಿಲ್ಲ.

"ನಿಂದು ಊಟ ಆಯ್ತಾ?"

"ಆಯ್ತಕ್ಕ. ಆಗಲೇ ಆಯ್ತು."

ಅವರು ನನ್ನ ಅಡುಗೆಮನೆಗೆ ಹೋಗಿ, ಮಗಳಿಗೆಂದು ಮುಚ್ಚಿಟ್ಟಿದ್ದ ಅನ್ನವನ್ನು ತಟ್ಟೆಗೆ ಹಾಕಿ, ಅದರ ಮೇಲೆ ಹಾಲು ಸುರಿದು, ನನ್ನ ಮುಂದಿಟ್ಟು ಎದುರು ಕುರ್ಚಿಯಲ್ಲಿ ಕೂತರು. ನಾನು ಉಂಡು ಮುಗಿಸುವವರೆಗೆ ಎದ್ದು ಹೋಗಲಿಲ್ಲ. ಸಂಜೆ ಭಾವ ಒಂದು ಚೀಲ ಅಕ್ಕಿ ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋದರು. ಅದರ ಬಗ್ಗೆ ನಾವು ಮೂವರೂ ಎಂದೂ ಮಾತಾಡಲಿಲ್ಲ.

ಹೋದ ವಸಂತದಲ್ಲಿ ಅಕ್ಕ ತೀರಿಕೊಂಡರು. ಮೆದುಳಿನಲ್ಲಿ ರಕ್ತಸ್ರಾವ, ಆಸ್ಪತ್ರೆ ಸೇರಿದ ಎರಡನೆಯ ದಿನಕ್ಕೇ ಮುಗಿಯಿತು. ಹದಿಮೂರನೆಯ ದಿನದ ಊಟಕ್ಕೆ ಭಾವ ಒಂದು ಸಭಾಂಗಣ ಗೊತ್ತು ಮಾಡಿದ್ದರು. ಯಾರನ್ನು ಕರೆಯಬೇಕು ಎಂದು ಕೇಳಿದರೆ, ಬಂದವರೆಲ್ಲ ಬರಲಿ ಎಂದಿದ್ದರು. ಶಾಲೆಯ ಮಕ್ಕಳು ಅಪ್ಪ ಅಮ್ಮಂದಿರ ಕೈ ಹಿಡಿದುಕೊಂಡು ಬಂದರು. ಕೆಲವರು ಈಗ ಅಕ್ಕನಷ್ಟೇ ಎತ್ತರವಾಗಿದ್ದರು. ಹಲಗೆಯ ಕೆಳಗಿನ ಆ ಹುಡುಗಿಯೂ ಬಂದಿದ್ದಳು, ಕೋಲೂರಿಕೊಂಡು ನಡೆಯುವ ಅಪ್ಪನ ಜೊತೆ.

ಅವರ ಕಡೆಯ ಪದ್ಧತಿಯಂತೆ ಮೊದಲು ಒಂದು ಕೋಣೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಅವರು ಉಂಡ ಮೇಲೆಯೇ ಉಳಿದವರಿಗೆ ಊಟ. ನೀರುದೋಸೆ, ಕಡಲೆ ಪಾಯಸ, ಮಾವಿನ ಗೊಜ್ಜು ಬಡಿಸಿ ಬಾಗಿಲು ಹಾಕಿದೆವು. ಒಳಗೆ ಯಾವ ಸದ್ದೂ ಇಲ್ಲ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದು ಮಗುವೂ ಪಿಟ್ಟೆನ್ನಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಯಾರೋ ಕೂತಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು.

ಇನ್ನೂ ಸ್ವಲ್ಪ ಹೊತ್ತು ಕಾಯಬೇಕು ಎಂದು ಪುರೋಹಿತರು ಹೇಳುತ್ತಿರುವಾಗಲೇ ಭಾವ ಬಾಗಿಲು ತಟ್ಟಿ ತೆರೆದುಬಿಟ್ಟರು. ಎಲೆಯ ಮೇಲಿನದು ಇಟ್ಟ ಹಾಗೇ ಇತ್ತು. ಅವರು ಅದನ್ನು ನೋಡಿ, ತಿರುಗಿ ನಮ್ಮ ಕಡೆ ಬಂದರು.

"ಮಕ್ಕಳಿಗೆ ಬಡಿಸಿ," ಎಂದರು. "ಅವರದ್ದಾಗದೆ ಅವಳು ಮುಟ್ಟುದಿಲ್ಲ."

ಮಕ್ಕಳೆಲ್ಲ ಸಾಲಾಗಿ ಕೂತರು. ಅನ್ನದ ಪಾತ್ರೆ ಎತ್ತಿಕೊಂಡು ನಾನು ಮೊದಲನೆಯ ಎಲೆಗೆ ಬಗ್ಗಿದೆ.